ಬಿಚ್ಚುವ ಮುನ್ನ ಆಲಿಸಿರಿ: ಹಳೆಯ ಜಾವಾ ಎಂಜಿನ್ನಿನ ಬೇರಿಂಗ್ ಪರೀಕ್ಷೆ

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಮುಚ್ಚಿದ್ದು 1996ರಲ್ಲಿ. ಜೆಕೊಸ್ಲೊವಾಕಿಯದ ಜಾವಾ ಸಂಸ್ಥೆಯ ಪರವಾನಗಿ ಪಡೆದು ಇರಾನಿ ಕುಟುಂಬದವರು 1960ರಲ್ಲಿ ಸ್ಥಾಪಿಸಿ, ಮರುವರ್ಷ ಉತ್ಪಾದನೆ ಆರಂಭಿಸಿದ ಈ ಕಾರ್ಖಾನೆಯಿಂದ ಮೊದಲು ಜಾವಾ ಎಂಬ ಹೆಸರಿನಲ್ಲಿಯೂ, 1973ರಿಂದೀಚೆಗೆ ಯೆಜ್ಡಿ ಎಂಬ ಹೆಸರಿನಲ್ಲಿಯೂ ಹೊರಬಿದ್ದ ಮೋಟಾರ್ ಸೈಕಲ್ಲುಗಳು, ತಮ್ಮ ತವರು ಬರಿದಾಗಿ ಸುಮಾರು ಮೂರು ದಶಕಗಳು ಸಂದರೂ, ಮೈಸೂರಿನಿಂದ ಬಹುದೂರದ, ಮಹಾರಾಷ್ಟ್ರದ ಠಾಣೆ ನಗರದಲ್ಲಿ, ಅದರಲ್ಲಿಯೂ ಗೋಖಲೆ ರಸ್ತೆ, ರಾಮಮಾರುತಿ ರಸ್ತೆಗಳ ಆಸುಪಾಸಿನಲ್ಲಿ ಹೆಣೆದುಕೊಂಡಿರುವ ನೌಪಾಡಾದ ಓಣಿಗಳಲ್ಲಿ, ಇಂದಿಗೂ ಅಲ್ಲೊಂದು ಇಲ್ಲೊಂದು ಸಂಚರಿಸುತ್ತಿರುವುದುಂಟು. ಅವುಗಳ ಎರಡು ಸೈಲೆನ್ಸರುಗಳಿಂದ ಹೊರಡುವ ಗಂಭೀರವಾದ ಲಯಬದ್ಧ ನಾದವನ್ನು ಕೇಳಿದ ಕನ್ನಡಿಗನು, ಅವನು ಠಾಣೆಗೆ ಬಂದು ಎಷ್ಟು ವರ್ಷಗಳಾಗಿದ್ದರೂ, ಒಮ್ಮೆ ಹಿಂದಿರುಗಿ ನೋಡದೆ ಇರಲಾರನು.

ಇಂತಹ ವಾಹನದ ಒಡೆಯರು ಗ್ಯಾರೇಜಿನ ಮುಂದೆ ನಿಂತು ಅತ್ಯಂತ ಅಳುಕಿನಿಂದ ಕೇಳುವ ತೀರ್ಪೆಂದರೆ ‘ಬೇರಿಂಗ್ ಹೋಗಿದೆ’ ಎಂಬುದು. ಆ ಒಂದು ಮಾತಿನ ಹಿಂದೆ, ಎಂಜಿನನ್ನು ಚಾಸಿಯಿಂದ ಕೆಳಗಿಳಿಸಿ, ಹೆಡ್ಡನ್ನೂ ಬೋರನ್ನೂ ತೆಗೆದು, ಕ್ಲಚ್ಚನ್ನೂ ಡೈನಮೋವನ್ನೂ ಕಳಚಿ, ಕಡೆಗೆ ಕ್ರ್ಯಾಂಕ್‌ಕೇಸನ್ನು ಎರಡು ಹೋಳಾಗಿ ಬೇರ್ಪಡಿಸುವ ಸುದೀರ್ಘ ಕ್ರಿಯೆಯೂ, ಅದಕ್ಕೆ ತಕ್ಕ ವೆಚ್ಚವೂ, ಹಳೆಯ ಭಾಗಗಳಿಗಾಗಿ ಅಂಗಡಿಯಿಂದ ಅಂಗಡಿಗೆ ಅಲೆಯುವ ಶ್ರಮವೂ ಅಡಗಿರುತ್ತವೆ. ತೀರ್ಪು ಸುಳ್ಳೆಂದು ನಾನು ಹೇಳುತ್ತಿಲ್ಲ. ಅದು ಅನೇಕ ವೇಳೆ ಅಪೂರ್ಣವಾದುದು. ಯಾವ ಬೇರಿಂಗು, ಏತರಿಂದ ಕೆಟ್ಟಿತು ಎಂಬ ಎರಡು ಪ್ರಶ್ನೆಗಳಿಗೆ ಎಂಜಿನನ್ನು ಬಿಚ್ಚುವುದಕ್ಕೆ ಮೊದಲೇ ಬಹುಮಟ್ಟಿಗೆ ಉತ್ತರ ಪಡೆಯಲು ಸಾಧ್ಯವಿದೆ. ಉತ್ತರ ಪಡೆಯದೆ ಬಿಚ್ಚಿ, ಹೊಸ ಬೇರಿಂಗನ್ನು ಕೂರಿಸಿ ಮುಚ್ಚಿದರೆ, ಹಳೆಯದನ್ನು ಕೆಡಿಸಿದ ಕಾರಣವು ಒಳಗೇ ಉಳಿದು ಹೊಸದನ್ನೂ ಕೆಡಿಸುತ್ತದೆ.

ಈ ಎಂಜಿನ್ನಿನ ಒಳರಚನೆಯನ್ನು ಸ್ವಲ್ಪ ತಿಳಿದಿದ್ದರೆ ಮುಂದಿನ ಮಾತು ಸುಲಭವಾಗುತ್ತದೆ. 65 ಮಿಲಿಮೀಟರ್ ವ್ಯಾಸದ ಸಿಲಿಂಡರಿನಲ್ಲಿ, ಎಂದರೆ ಗ್ಯಾರೇಜಿನವರ ಬೋರಿನಲ್ಲಿ, 75 ಮಿಲಿಮೀಟರ್ ಮೇಲೆ ಕೆಳಗೆ ಚಲಿಸುವ ಒಂದೇ ಪಿಸ್ಟನ್ನು. ಅದನ್ನು ಹಿಡಿದಿರುವ ಕನೆಕ್ಟಿಂಗ್ ರಾಡಿನ ಮೇಲ್ತುದಿಯ ಕಣ್ಣು ಸ್ಮಾಲ್ ಎಂಡ್, ಕೆಳತುದಿಯದು ಬಿಗ್ ಎಂಡ್. ಬಿಗ್ ಎಂಡಿನಲ್ಲಿ ಉರುಳೆಗಳ ಬೇರಿಂಗು ಇದ್ದು, ಅದರ ನಡುವೆ ಹಾದುಹೋಗುವ ಪಿನ್ನನ್ನು ಎರಡು ಭಾರವಾದ ಉಕ್ಕಿನ ಚಕ್ರಗಳಿಗೆ ಪ್ರೆಸ್ಸಿನಿಂದ ಒತ್ತಿ ಬಿಗಿಗೊಳಿಸಿರುತ್ತಾರೆ. ಈ ಚಕ್ರಗಳೊಡನೆ ಕೂಡಿದ ಕ್ರ್ಯಾಂಕು ಎಡಬಲಗಳಲ್ಲಿ ಗುಂಡುಗಳ ಬೇರಿಂಗುಗಳ ಮೇಲೆ ತಿರುಗುತ್ತದೆ. ಇವೇ ಮೇನ್ ಬೇರಿಂಗುಗಳು. ಎಡಗಡೆಯಿಂದ ಶಕ್ತಿ ಪ್ರೈಮರಿ ಚೈನಿನ ಮೂಲಕ ಕ್ಲಚ್ಚಿಗೆ ಹೋಗುತ್ತದೆ. ಬಲಗಡೆಯ ತುದಿಗೆ ಡೈನಮೋದ ಆರ್ಮೇಚರು ನೇರವಾಗಿ ಕೂತಿರುತ್ತದೆ. ಗೇರುಗಳ ದಂಡಗಳಿಗೆ ಅವುಗಳದೇ ಬೇರಿಂಗುಗಳುಂಟು. ಹೀಗಾಗಿ ‘ಎಂಜಿನ್ನಿನ ಬೇರಿಂಗ್’ ಎಂದರೆ ಒಂದು ವಸ್ತುವಲ್ಲ, ಒಂದು ಪರಿವಾರ. ಒಂದೊಂದರ ಸ್ವಭಾವವೂ ಬೇರೆ, ಮರಣದ ರೀತಿಯೂ ಬೇರೆ.

ಗುಂಡಿನ ಬೇರಿಂಗು ಏಕೆ ಸವೆಯುತ್ತದೆಂಬುದು ಮೇಲುನೋಟಕ್ಕೆ ಕಾಣುವಷ್ಟು ಸರಳವಲ್ಲ. ಉಕ್ಕಿನ ಗುಂಡು ರೇಸ್ ಎಂಬ ಉಕ್ಕಿನ ಬಳೆಯ ಮೇಲೆ ಉರುಳುವಾಗ ಅವೆರಡೂ ಸಂಧಿಸುವುದು ಸಾಸಿವೆಗಿಂತಲೂ ಕಿರಿದಾದ ಒಂದು ತಾಣದಲ್ಲಿ. ರೇಡಿಯೊ ಅಲೆಗಳ ಶೋಧನೆಯಿಂದ ಮುಂದೆ ಜಗತ್ಪ್ರಸಿದ್ಧನಾದ ಜರ್ಮನಿಯ ಹೈನ್ರಿಶ್ ಹರ್ಟ್ಸ್, ತನ್ನ ತರುಣ ವಯಸ್ಸಿನಲ್ಲಿ, 1880ರ ದಶಕದ ಆದಿಯಲ್ಲಿ, ಇಂತಹ ಸಂಧಿಸ್ಥಾನದಲ್ಲಿ ಉಂಟಾಗುವ ಒತ್ತಡದ ಗಣಿತವನ್ನು ರಚಿಸಿದನು. ಆ ಗಣಿತದಿಂದ ತಿಳಿದುಬರುವ ಮುಖ್ಯ ಸಂಗತಿಯೆಂದರೆ, ಅತ್ಯಧಿಕವಾದ ಕತ್ತರಿಸುವ ಬಲವು ಲೋಹದ ಮೇಲ್ಮೈಯಲ್ಲಿರದೆ, ಅದರ ತುಸು ಕೆಳಗೆ, ಕಣ್ಣಿಗೆ ಕಾಣದ ಆಳದಲ್ಲಿರುತ್ತದೆ. ಕೋಟ್ಯಂತರ ಆವರ್ತನಗಳ ತರುವಾಯ ಬಿರುಕು ಮೊದಲು ಹುಟ್ಟುವುದು ಅಲ್ಲಿ. ಅದು ಮೆಲ್ಲನೆ ಮೇಲಕ್ಕೆ ಹಬ್ಬಿ, ಒಂದು ದಿನ ರೇಸಿನ ಮೇಲ್ಮೈಯಿಂದ ಒಂದು ಚಕ್ಕೆ ಎದ್ದುಬರುತ್ತದೆ. ಆ ಚಕ್ಕೆ ಬಿದ್ದ ಗುಣಿಯ ಮೇಲೆ ಪ್ರತಿಯೊಂದು ಗುಂಡೂ ಹಾಯುವಾಗ ಹುಟ್ಟುವ ಆಘಾತವೇ ನಾವು ಕೇಳುವ ಸದ್ದು. ಗುಂಡಿನ ಬೇರಿಂಗಿನ ಆಯುಸ್ಸು ಅದರ ಮೇಲಿನ ಭಾರದ ಘನಕ್ಕೆ ವಿಲೋಮವಾಗಿ ಕುಗ್ಗುತ್ತದೆ: ಭಾರ ಇಮ್ಮಡಿಯಾದರೆ ಆಯುಸ್ಸು ಎಂಟನೆಯ ಒಂದು ಭಾಗಕ್ಕಿಳಿಯುತ್ತದೆ. ಹಳೆಯ ಯಂತ್ರವನ್ನು ಅದರ ಶಕ್ತಿಗೆ ಮೀರಿ ದುಡಿಸುವವರು ಈ ಲೆಕ್ಕವನ್ನು ನೆನಪಿನಲ್ಲಿಡಬೇಕು.

ಆದರೆ ನೌಪಾಡಾದಂತಹ ಪ್ರದೇಶದಲ್ಲಿ ಬೇರಿಂಗುಗಳು ದುಡಿದು ದಣಿದು ಸಾಯುವುದಕ್ಕಿಂತ ಹೆಚ್ಚಾಗಿ ನಿಂತಲ್ಲಿಯೇ ಕೆಡುತ್ತವೆಂಬುದು ನನ್ನ ದೃಢವಾದ ಅಭಿಪ್ರಾಯ. ಜಾವಾ ಎರಡು ಸ್ಟ್ರೋಕಿನ ಎಂಜಿನ್ನು. ಅದರ ಕ್ರ್ಯಾಂಕಿಗೆ ಬೇರೆಯ ಎಣ್ಣೆಯ ಕೊಳವಿಲ್ಲ. ಪೆಟ್ರೋಲಿಗೆ ಬೆರೆಸಿದ ಎಣ್ಣೆಯೇ, ಹಳೆಯ ಪದ್ಧತಿಯಂತೆ ಲೀಟರಿಗೆ 40 ಮಿಲಿಲೀಟರ್ ಎಂದರೆ 1:25ರ ಪ್ರಮಾಣದಲ್ಲಿ, ಮಂಜಿನ ರೂಪದಲ್ಲಿ ಒಳಹೊಕ್ಕು ಬಿಗ್ ಎಂಡನ್ನೂ ಮೇನ್ ಬೇರಿಂಗುಗಳನ್ನೂ ತೋಯಿಸಿ, ಆಮೇಲೆ ಉರಿದುಹೋಗುತ್ತದೆ. ವಾಹನ ಓಡುತ್ತಿರುವವರೆಗೆ ಈ ಏರ್ಪಾಡು ಸಾಕಾಗುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ ಸುರಿಯುವ, ಖಾರಿಯ ಉಪ್ಪು ತೇವ ವರ್ಷವಿಡೀ ಗಾಳಿಯಲ್ಲಿರುವ ಠಾಣೆಯಲ್ಲಿ, ಹಳೆಯ ಕಟ್ಟಡವನ್ನು ಕೆಡವಿ ಹೊಸದನ್ನು ಕಟ್ಟುವವರೆಗೆ ಯಾರದೋ ಅಂಗಳದ ಮೂಲೆಯಲ್ಲಿ ಹೊದಿಕೆ ಹೊದ್ದು ನಿಂತ ವಾಹನದ ಸ್ಥಿತಿಯೇ ಬೇರೆ. ಬೇರಿಂಗಿನ ಮೇಲಿದ್ದ ಎಣ್ಣೆಯ ತೆಳುಪೊರೆ ಇಳಿದುಹೋಗುತ್ತದೆ; ಹಗಲಿರುಳಿನ ಶೀತೋಷ್ಣಗಳ ವ್ಯತ್ಯಾಸದಿಂದ ಕ್ರ್ಯಾಂಕ್‌ಕೇಸಿನೊಳಗೆ ತೇವ ಹನಿಗಟ್ಟುತ್ತದೆ; ಗುಂಡು ರೇಸನ್ನು ತಾಗಿರುವ ಕಡೆಯಲ್ಲಿಯೇ ತುಕ್ಕು ಹಿಡಿಯುತ್ತದೆ. ಇದಕ್ಕೆ ಈಚಿನ ಇಂಧನವೂ ಸೇರಿಕೊಂಡಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಬಿಡುಗಡೆಯಾದ, ನೂರಕ್ಕೆ 20 ಭಾಗ ಎಥನಾಲ್ ಬೆರೆತ ಪೆಟ್ರೋಲು ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವುಳ್ಳದ್ದು; ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಉಳಿದರೆ ನೀರೂ ಎಥನಾಲೂ ಕೂಡಿ ಬೇರೆಯಾಗಿ ತಳಕ್ಕಿಳಿಯಬಹುದು. ವಾಹನವನ್ನು ಮಳೆಗಾಲ ಪೂರ್ತಿ ನಿಲ್ಲಿಸುವವರು ಟ್ಯಾಂಕನ್ನೂ ಕಾರ್ಬ್ಯುರೇಟರನ್ನೂ ಬರಿದು ಮಾಡಿ, ಸ್ಪಾರ್ಕ್ ಪ್ಲಗ್ಗಿನ ರಂಧ್ರದಿಂದ ಸ್ವಲ್ಪ ಎಣ್ಣೆ ಬಿಟ್ಟು, ಕಿಕ್ಕರಿನಿಂದ ಕ್ರ್ಯಾಂಕನ್ನು ಮೆಲ್ಲನೆ ಕೆಲವು ಸುತ್ತು ತಿರುಗಿಸಿಡುವುದು ಉಚಿತ.

ಓಡುವ ವಾಹನಕ್ಕೂ ಎಣ್ಣೆಯ ಬರ ಬರುವುದುಂಟು. ಕಸಾರಾ ಘಾಟಿಯಂತಹ ದೀರ್ಘವಾದ ಇಳಿಜಾರಿನಲ್ಲಿ ಥ್ರಾಟಲನ್ನು ಪೂರ್ತಿ ಮುಚ್ಚಿ, ಗೇರಿನಲ್ಲಿಯೇ ಇಳಿಯುವ ಸವಾರನು, ಚಕ್ರವು ವೇಗವಾಗಿ ತಿರುಗಿಸುತ್ತಿರುವ ಕ್ರ್ಯಾಂಕಿಗೆ ಇಂಧನವನ್ನೂ ಅದರೊಡನೆ ಎಣ್ಣೆಯನ್ನೂ ನಿಲ್ಲಿಸಿಬಿಟ್ಟಿರುತ್ತಾನೆ. ಹಳೆಯ ಸವಾರರು ಇಳಿಜಾರಿನಲ್ಲಿ ಆಗಾಗ್ಗೆ ಥ್ರಾಟಲನ್ನು ಒಂದಿಷ್ಟು ತೆರೆದು ಮುಚ್ಚುತ್ತಿದ್ದುದು ಬರಿಯ ಚಟವಾಗಿರಲಿಲ್ಲ.

ಈಗ ಪರೀಕ್ಷೆಗೆ ಬರೋಣ. ಬೇರಿಂಗಿನದೆಂದು ಭ್ರಮಿಸಲಾಗುವ ಸದ್ದುಗಳನ್ನು ಮೊದಲು ಪಕ್ಕಕ್ಕಿಡಬೇಕು. ಎಂಜಿನ್ನಿನ ಬೋಲ್ಟುಗಳು ಸಡಿಲವಾಗಿದ್ದರೆ ಇಡೀ ಚಾಸಿಯೇ ಗುಡುಗುಟ್ಟುತ್ತದೆ. ಸೈಲೆನ್ಸರಿನ ಕೊಳವೆ ಬೋರಿಗೆ ಸೇರುವಲ್ಲಿ ಅನಿಲ ಸೋರಿದರೆ ಸ್ಮಾಲ್ ಎಂಡಿನಂತೆಯೇ ಟಿಕ್‌ಟಿಕ್ ಎನ್ನುತ್ತದೆ. ಇಗ್ನಿಷನ್ ಟೈಮಿಂಗ್ ಮುಂದಕ್ಕೆ ಹೋಗಿದ್ದರೆ ಏರಿನಲ್ಲಿ ಲೋಹದ ಮೇಲೆ ಕಲ್ಲು ಬಿದ್ದಂತಹ ಕಿಣಿಕಿಣಿ ನಾದ ಹೊರಡುತ್ತದೆ. ಪಿಸ್ಟನ್ ಸವೆದಿದ್ದರೆ ತಣ್ಣಗಿರುವಾಗ ಬೋರಿನ ಗೋಡೆಗೆ ಬಡಿಯುವ ಸದ್ದು ಕೇಳಿಬಂದು, ಎಂಜಿನ್ನು ಬಿಸಿಯಾಗಿ ಪಿಸ್ಟನ್ನು ಹಿಗ್ಗಿದಂತೆ ಅದು ಕಡಿಮೆಯಾಗುತ್ತದೆ. ಬೇರಿಂಗಿನ ಸದ್ದು ಬಿಸಿಯಾದ ಮಾತ್ರಕ್ಕೆ ಶಮನವಾಗದು. ನನ್ನ ಪರಿಚಿತರೊಬ್ಬರ ವಾಹನದಲ್ಲಿ, ಹೆಸರು ಹೇಳಬೇಕಾಗಿಲ್ಲದ ಗ್ಯಾರೇಜೊಂದರವರು ಸದ್ದು ಕೇಳಿದೊಡನೆಯೇ ಕ್ರ್ಯಾಂಕ್‌ಕೇಸನ್ನು ಸೀಳಿದರು. ಒಳಗೆ ಬೇರಿಂಗುಗಳು ನಿರ್ದೋಷವಾಗಿದ್ದವು. ಎಡಗಡೆಯ ಮುಚ್ಚಳವನ್ನು ಮಾತ್ರ ತೆಗೆದಿದ್ದರೆ, ಸವೆದು ಜೋತುಬಿದ್ದ ಪ್ರೈಮರಿ ಚೈನು ಮುಚ್ಚಳದ ಒಳಮೈಯಲ್ಲಿ ಕೊರೆದಿದ್ದ ಹೊಳೆಯುವ ಗೀರು ತಾನಾಗಿಯೇ ಎಲ್ಲವನ್ನೂ ತಿಳಿಸುತ್ತಿತ್ತು. ಅನವಶ್ಯಕವಾಗಿ ಸೀಳಿದ ಕ್ರ್ಯಾಂಕ್‌ಕೇಸು ಮತ್ತೆ ಮೊದಲಿನಷ್ಟು ಬಿಗಿಯಾಗಿ ಕೂಡಿಕೊಳ್ಳುವುದೆಂಬ ಭರವಸೆಯಿಲ್ಲ. ಈ ನಷ್ಟವನ್ನು ಯಾವ ಬಿಲ್ಲೂ ತೋರಿಸುವುದಿಲ್ಲ.

ಅನಂತರ ಗೇರ್‌ಬಾಕ್ಸಿನ ಸರದಿ. ಎಂಜಿನ್ನು ನ್ಯೂಟ್ರಲ್‌ನಲ್ಲಿ ಓಡುತ್ತಿರುವಾಗ ಕ್ಲಚ್ಚನ್ನು ಒತ್ತಿಹಿಡಿದು ತುಸು ಕಾದರೆ ಗೇರ್‌ಬಾಕ್ಸಿನ ಒಳದಂಡ ನಿಲ್ಲುತ್ತದೆ ಅಥವಾ ನಿಧಾನವಾಗುತ್ತದೆ. ಅದರೊಡನೆ ಗೊರಗೊರ ಸದ್ದೂ ನಿಂತರೆ ಕ್ರ್ಯಾಂಕು ನಿರಪರಾಧಿ. ಯಾವುದಾದರೊಂದು ಗೇರಿನಲ್ಲಿ ಮಾತ್ರ ಸದ್ದು ಹೆಚ್ಚುವುದೂ ಇದೇ ಕಡೆಗೆ ಬೆರಳು ತೋರಿಸುತ್ತದೆ. ಕ್ಲಚ್ಚೂ ಗೇರುಗಳೂ ಮುಳುಗಿರುವ ಎಣ್ಣೆಯನ್ನು ಬಿಳಿಯ ಬಟ್ಟೆಯ ಮೇಲೆ ಸುರಿದು ಅಯಸ್ಕಾಂತವನ್ನು ಆಡಿಸಿದರೆ, ಅಂಟಿಕೊಳ್ಳುವ ಹುಡಿ ಉಕ್ಕಿನದು, ಅಂಟದೆ ಹೊಳೆಯುವುದು ಕಂಚಿನದೋ ಅಲ್ಯೂಮಿನಿಯಮಿನದೋ ಎಂದು ತಿಳಿಯುತ್ತದೆ. ಇಳಿಜಾರಾದ ನಿರ್ಜನ ರಸ್ತೆಯಲ್ಲಿ ಎಂಜಿನ್ನನ್ನೇ ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ಉರುಳಿದಾಗಲೂ ಸದ್ದು ಉಳಿದರೆ ದೋಷವು ಚಕ್ರದಲ್ಲೋ ಹಿಂದಿನ ಚೈನಿನಲ್ಲೋ ಇದೆಯೆಂದರ್ಥ.

ಇವೆಲ್ಲವೂ ಕಳೆದು ಉಳಿದ ಸದ್ದನ್ನು ಕೇಳಬೇಕಾದದ್ದು ಗೋಖಲೆ ರಸ್ತೆಯ ಸಂಜೆಯ ಗದ್ದಲದಲ್ಲಿ ಅಲ್ಲ. ಮುಂಜಾನೆ, ಎರಡು ಕಟ್ಟಡಗಳ ನಡುವಣ ಓಣಿಯಲ್ಲಿ, ಗೋಡೆಗಳು ಸದ್ದನ್ನು ಹಿಂದಿರುಗಿಸುವಾಗ. ಉದ್ದನೆಯ ಸ್ಕ್ರೂಡ್ರೈವರಿನ ಮೊನೆಯನ್ನು ಕ್ರ್ಯಾಂಕ್‌ಕೇಸಿನ ಮೇಲೆ ಬೇರಿಂಗಿರುವ ಜಾಗಕ್ಕೆ ಒತ್ತಿ, ಹಿಡಿಯನ್ನು ಕಿವಿಯ ಬದಿಯ ಎಲುಬಿಗೆ ಆನಿಸಿ ಆಲಿಸುವ ವಿದ್ಯೆಯನ್ನು ಎಲ್ಲ ಊರಿನ ಮಿಸ್ತ್ರಿಗಳೂ ಬಲ್ಲರು. ಬಿಗ್ ಎಂಡ್ ಸಡಿಲವಾಗಿದ್ದರೆ ಕ್ರ್ಯಾಂಕಿನ ಪ್ರತಿ ಸುತ್ತಿಗೆ ಲಯ ತಪ್ಪದ ಗಟ್ಟಿಯಾದ ಬಡಿತ. ಅದು ಗಾಯ್‌ಮುಖ್ ಘಾಟಿಯ ಏರಿನಲ್ಲಿ, ಎಂಜಿನ್ನು ಭಾರ ಹೊತ್ತಾಗ, ಹಾಗೂ ಥ್ರಾಟಲನ್ನು ಬಿಟ್ಟೊಡನೆ ಸ್ಫುಟವಾಗುತ್ತದೆ. ಮೇನ್ ಬೇರಿಂಗಿನದು ಬಡಿತವಲ್ಲ, ಗೊಗ್ಗರ ದನಿಯ ಗೊರಗು. ವೇಗ ಹೆಚ್ಚಿದಂತೆ ಅದರ ಶ್ರುತಿಯೂ ಏರುತ್ತ ಕಾಲೂರುವ ಫುಟ್‌ರೆಸ್ಟಿನಲ್ಲಿ ನಡುಕವಾಗಿ ತಿಳಿಯುತ್ತದೆ. ಈ ಭೇದಕ್ಕೆ ಗಣಿತದ ಕಾರಣವಿದೆ. ನಿಮಿಷಕ್ಕೆ 3000 ಸುತ್ತು ತಿರುಗುವ ಕ್ರ್ಯಾಂಕು ಸೆಕೆಂಡಿಗೆ 50 ಸುತ್ತು ಹಾಕುತ್ತದೆ. ಬಿಗ್ ಎಂಡಿನ ಬಡಿತಕ್ಕೆ ಈ ಸುತ್ತೇ ಆಧಾರ. ಏಳು ಗುಂಡುಗಳ ಬೇರಿಂಗಿನ ಹೊರ ರೇಸಿನಲ್ಲಿ ಒಂದೇ ಒಂದು ಗುಣಿ ಬಿದ್ದಿದ್ದರೂ, ಒಂದು ಸುತ್ತಿಗೆ ಸುಮಾರು ಎರಡು ಮುಕ್ಕಾಲು ಗುಂಡುಗಳು ಅದರ ಮೇಲೆ ಹಾಯುವುದರಿಂದ, ಸೆಕೆಂಡಿಗೆ 140ರಷ್ಟು ಆಘಾತಗಳಾಗುತ್ತವೆ. ಒಳ ರೇಸಿನಲ್ಲಾದರೆ ಇನ್ನೂ ಹೆಚ್ಚು, 210ರಷ್ಟು. ಇಷ್ಟು ದಟ್ಟವಾದ ಆಘಾತಗಳನ್ನು ಕಿವಿಯು ಬಿಡಿಬಿಡಿಯಾಗಿ ಎಣಿಸಲಾರದೆ ಒಂದೇ ಗೊರಗಾಗಿ ಗ್ರಹಿಸುತ್ತದೆ.

ಮದರಾಸಿನಲ್ಲಿ ತಯಾರಾದ ಬುಲೆಟ್ ಮೋಟಾರ್ ಸೈಕಲ್ಲಿನ ಒಡೆಯರು ಈ ವಿವರಣೆಯನ್ನು ಹಾಗೆಯೇ ತಮ್ಮ ವಾಹನಕ್ಕೆ ಅನ್ವಯಿಸಬಾರದು. ನಾಲ್ಕು ಸ್ಟ್ರೋಕಿನ ಆ ಎಂಜಿನ್ನಿನಲ್ಲಿ ಸ್ಫೋಟವಾಗುವುದು ಎರಡು ಸುತ್ತಿಗೊಮ್ಮೆ. ಹಳೆಯ ಮಾದರಿಗಳ ಬಿಗ್ ಎಂಡಿನಲ್ಲಿ ಉರುಳೆಗಳಿಗೆ ಬದಲಾಗಿ ಪಂಪು ದೂಡುವ ಎಣ್ಣೆಯ ಮೇಲೆ ತೇಲುವ ಬುಷ್ ಇರುತ್ತದೆ. ಅಲ್ಲಿ ಬಡಿತ ಕೇಳಿಬಂದರೆ ಮೊದಲು ಎಣ್ಣೆಯ ಪಂಪನ್ನೂ ಫಿಲ್ಟರನ್ನೂ ಶಂಕಿಸತಕ್ಕದ್ದು.

ಜಾವಾದ ವಿಷಯದಲ್ಲಿ ಕಿವಿಗಿಂತಲೂ ನಂಬಲರ್ಹವಾದ ಸಾಕ್ಷಿಯೊಂದು ಬಲಗಡೆಯ ಮುಚ್ಚಳದ ಹಿಂದಿದೆ. ಡೈನಮೋದ ಆರ್ಮೇಚರು ಕ್ರ್ಯಾಂಕಿನ ತುದಿಯಲ್ಲಿಯೇ ಕೂತಿರುವುದರಿಂದ, ಮೇನ್ ಬೇರಿಂಗು ಸಡಿಲವಾದರೆ ಅದೂ ಓಲಾಡಿ, ಸುತ್ತಲಿನ ಸ್ಥಿರವಾದ ಲೋಹವನ್ನು ಉಜ್ಜುತ್ತದೆ. ಉಜ್ಜಿದ ಗುರುತು ಒಂದು ಬದಿಯಲ್ಲಿ ಹೊಳೆಯುತ್ತಿರುತ್ತದೆ. ಅದೇ ತುದಿಯ ಚಲನೆಯಿಂದ ತೆರೆದು ಮುಚ್ಚುವ ಇಗ್ನಿಷನ್ ಪಾಯಿಂಟುಗಳ ಅಂತರವನ್ನು 0.4 ಮಿಲಿಮೀಟರಿಗೆ ಎಷ್ಟು ಸಲ ಸರಿಪಡಿಸಿದರೂ ಅದು ನಿಲ್ಲದೆ, ಟೈಮಿಂಗು ದಿನಕ್ಕೊಂದು ಬಗೆಯಾಗಿ, ಸವಾರನು ಕಾಯಿಲನ್ನೂ ಕಂಡೆನ್ಸರನ್ನೂ ಬದಲಿಸುತ್ತ ಹಣ ಕಳೆಯುವುದು ಇಂತಹ ಸಂದರ್ಭದಲ್ಲಿಯೇ. ಎಂಜಿನ್ನನ್ನು ನಿಲ್ಲಿಸಿ ಆರ್ಮೇಚರನ್ನು ಬೆರಳುಗಳಿಂದ ಹಿಡಿದು ಮೇಲಕ್ಕೂ ಕೆಳಕ್ಕೂ ಅಲುಗಿಸಿ ನೋಡಿರಿ; ‘ಟಕ್’ ಎಂದು ಕೈಗೆ ತಿಳಿದರೆ ಬೇರಿಂಗು ಹೋಗಿದೆಯೆಂಬ ಮಾತಿಗೆ ಆಗ ಆಧಾರ ದೊರೆಯಿತು. ಬೇರಿಂಗಿನ ಹಿಂದೆಯೇ ಆಯಿಲ್ ಸೀಲುಗಳೂ ಹಾಳಾಗುತ್ತವೆ. ಕ್ಲಚ್ಚಿನ ಕಡೆಯ ಸೀಲು ಹರಿದರೆ ಗೇರ್ ಆಯಿಲು ಕ್ರ್ಯಾಂಕ್‌ಕೇಸಿಗೆ ಎಳೆಯಲ್ಪಟ್ಟು ಸೈಲೆನ್ಸರಿನಿಂದ ಬೆಳ್ಳನೆಯ ದಟ್ಟ ಹೊಗೆಯಾಗಿ ಹೊರಬೀಳುತ್ತದೆ, ಎಣ್ಣೆಯ ಮಟ್ಟ ಇಳಿಯುತ್ತದೆ; ಡೈನಮೋದ ಕಡೆಯದು ಹರಿದರೆ ಗಾಳಿ ಒಳನುಗ್ಗಿ, ಮಿಶ್ರಣ ತೆಳುವಾಗಿ, ಥ್ರಾಟಲ್ ಮುಚ್ಚಿದರೂ ವೇಗ ತಗ್ಗದೆ, ಎಂಜಿನ್ನು ಮಿತಿಮೀರಿ ಕಾಯುತ್ತದೆ. ಈ ಎರಡನೆಯ ಸ್ಥಿತಿಯಲ್ಲಿ ವಾಹನ ಓಡಿಸುವುದನ್ನು ಆ ಕ್ಷಣವೇ ನಿಲ್ಲಿಸಬೇಕು; ಮುಂದಿನ ಹೆಜ್ಜೆ ಪಿಸ್ಟನ್ ಜಾಮ್ ಆಗುವುದು, ಸವಾರನ ಪ್ರಾಣಕ್ಕೇ ಅಪಾಯ.

ಬಿಗ್ ಎಂಡಿನ ಬಗ್ಗೆ ಅನುಮಾನ ಉಳಿದರೆ ಹೆಡ್ಡನ್ನೂ ಬೋರನ್ನೂ ಮಾತ್ರ ತೆಗೆದರೆ ಸಾಕು; ಕ್ರ್ಯಾಂಕ್‌ಕೇಸಿಗೆ ಕೈಹಚ್ಚಬೇಕಾಗಿಲ್ಲ. ಒಳಗೆ ಕಸ ಬೀಳದಂತೆ ಬಟ್ಟೆ ತುರುಕಿ, ರಾಡನ್ನು ಮೇಲ್ತುದಿಗೆ ತಂದು, ಎರಡು ಕೈಗಳಿಂದ ಹಿಡಿದು ನೆಟ್ಟಗೆ ಮೇಲಕ್ಕೆಳೆದು ಕೆಳಕ್ಕೊತ್ತಬೇಕು. ರಾಡು ಪಕ್ಕಕ್ಕೆ ತುಸು ಸರಿದಾಡಿದರೆ ಬೆದರಬೇಡಿರಿ. ಅಷ್ಟು ಎಡೆಯನ್ನು ತಯಾರಕರೇ ಬಿಟ್ಟಿರುತ್ತಾರೆ. ಮೇಲೆ ಕೆಳಗಿನ ಅಲುಗಾಟ ಕೈಗೆ ತಿಳಿಯುವಷ್ಟಿದ್ದರೆ ಮಾತ್ರ ರಾಡ್ ಕಿಟ್ ಬದಲಿಸುವ ಕಾಲ ಬಂದಿದೆ.

ಇಷ್ಟಾದ ಮೇಲೆ ಬಿಚ್ಚಲೇಬೇಕಾಗಿ ಬಂದರೆ, ಕೆಲಸದ ಶುದ್ಧಿಯೇ ಬೇರಿಂಗಿನ ಆಯುಸ್ಸನ್ನು ನಿರ್ಧರಿಸುತ್ತದೆ. ಅಲ್ಯೂಮಿನಿಯಮಿನ ಕ್ರ್ಯಾಂಕ್‌ಕೇಸನ್ನು ನೂರು ಡಿಗ್ರಿಯ ಆಸುಪಾಸಿಗೆ ಸಮನಾಗಿ ಕಾಯಿಸಿದಾಗ, 62 ಮಿಲಿಮೀಟರಿನ ಬೇರಿಂಗ್ ಕುಳಿಯು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಹಿಗ್ಗುತ್ತದೆ. ಫ್ರಿಜ್ಜಿನಲ್ಲಿ ತಣ್ಣಗಿಟ್ಟ ಹೊಸ ಬೇರಿಂಗು ಆಗ ಸುತ್ತಿಗೆಯ ಒಂದೂ ಪೆಟ್ಟಿಲ್ಲದೆ ಇಳಿದು ಕೂರುತ್ತದೆ. ತಣ್ಣನೆಯ ಕೇಸಿಗೆ ಒಳ ರೇಸಿನ ಮೇಲೆ ಬಡಿದು ಕೂರಿಸಿದರೆ ಪೆಟ್ಟು ಗುಂಡುಗಳ ಮೂಲಕವೇ ಹಾದು, ರೇಸಿನಲ್ಲಿ ತಗ್ಗುಗಳು ಬಿದ್ದು, ಹೊಸ ಬೇರಿಂಗು ಮೊದಲ ದಿನವೇ ಸದ್ದು ಮಾಡತೊಡಗುತ್ತದೆ. ಬೇರಿಂಗಿನ ಮೇಲೆ ಕೊರೆದ ಸಂಖ್ಯೆಯನ್ನು ಓದಲು ಕಲಿಯುವುದು ಕಷ್ಟವಲ್ಲ: 6305 ಎಂದಿದ್ದರೆ ಕಡೆಯ ಎರಡು ಅಂಕಿಗಳನ್ನು ಐದರಿಂದ ಗುಣಿಸಿ ಒಳವ್ಯಾಸ 25 ಮಿಲಿಮೀಟರ್ ಎಂದು ತಿಳಿಯಬಹುದು. ಮುಂದೆ ಸಿ3 ಎಂದಿದ್ದರೆ ಗುಂಡುಗಳಿಗೂ ರೇಸುಗಳಿಗೂ ನಡುವೆ ಸಾಮಾನ್ಯಕ್ಕಿಂತ ಹೆಚ್ಚು ಎಡೆಯಿದೆಯೆಂದರ್ಥ; ಬಿಗಿಯಾಗಿ ಕೂತು ಬಿಸಿಯಾಗಿ ದುಡಿಯುವ ಬೇರಿಂಗಿಗೆ ಈ ಎಡೆ ಅಗತ್ಯವಾಗುವುದರಿಂದ, ಮೊದಲಿದ್ದ ಬೇರಿಂಗಿನಲ್ಲಿ ಆ ಗುರುತಿದ್ದರೆ ಹೊಸದರಲ್ಲಿಯೂ ಇರಲೇಬೇಕು. ಎರಡೂ ಬದಿ ಮುಚ್ಚಿದ ಬೇರಿಂಗನ್ನು ಎರಡು ಸ್ಟ್ರೋಕಿನ ಕ್ರ್ಯಾಂಕಿಗೆ ಹಾಕಿದರೆ ಇಂಧನದೊಡನೆ ಬರುವ ಎಣ್ಣೆಗೆ ದಾರಿಯೇ ಇರುವುದಿಲ್ಲ. ಕ್ರ್ಯಾಂಕ್ ಪಿನ್ನನ್ನು ಒತ್ತುವ ಕೆಲಸವನ್ನಂತೂ ಹೈಡ್ರಾಲಿಕ್ ಪ್ರೆಸ್ಸೂ ಡಯಲ್ ಗೇಜೂ ಉಳ್ಳವರಿಗೇ ವಹಿಸಬೇಕು. ನೌಪಾಡಾದವರು ಇದಕ್ಕಾಗಿ ದೂರ ಹೋಗಬೇಕಾಗಿಲ್ಲ. ತೀನ್ ಹಾತ್ ನಾಕಾ ದಾಟಿದರೆ, ಮಹಾರಾಷ್ಟ್ರ ಔದ್ಯೋಗಿಕ ಅಭಿವೃದ್ಧಿ ನಿಗಮವು 1960ರ ದಶಕದಲ್ಲಿ ತನ್ನ ಕಾರ್ಯವನ್ನು ಆರಂಭಿಸಿದ ವಾಗ್ಳೆ ಎಸ್ಟೇಟ್ ಎಂಬ ಕೈಗಾರಿಕಾ ಪ್ರದೇಶವಿದೆ. ಒತ್ತಿದ ಮೇಲೆ ಕ್ರ್ಯಾಂಕನ್ನು ಎರಡು ಮೊನೆಗಳ ನಡುವೆ ತಿರುಗಿಸಿ, ಗೇಜಿನ ಮುಳ್ಳು ಮಿಲಿಮೀಟರಿನ ನೂರನೆಯ ಎರಡು ಮೂರು ಭಾಗಗಳನ್ನು ಮೀರದಂತೆ ನೇರಗೊಳಿಸಿದ್ದಾರೆಯೇ ಎಂಬುದನ್ನು ಒಡೆಯರು ಎದುರಿನಲ್ಲಿಯೇ ನಿಂತು ನೋಡಬೇಕು. ಓರೆಯಾದ ಕ್ರ್ಯಾಂಕು ಎಂತಹ ಉತ್ತಮ ಬೇರಿಂಗನ್ನೂ ಉಳಿಸದು.

ಕಡೆಯದಾಗಿ ಓದುಗರಲ್ಲಿ ನನ್ನದೊಂದು ಬಿನ್ನಹ. ತೆಗೆದ ಹಳೆಯ ಬೇರಿಂಗನ್ನು ಗುಜರಿಯ ಡಬ್ಬಕ್ಕೆ ಹೋಗಲು ಬಿಡದೆ, ಮಿಸ್ತ್ರಿಯಿಂದ ಕೇಳಿ ಪಡೆದು, ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದು ನೋಡಿರಿ. ರೇಸಿನಲ್ಲಿ ಚಕ್ಕೆ ಎದ್ದಿದ್ದರೆ ಅದು ದುಡಿದು ದಣಿದದ್ದು. ಕರಿಯ ಚುಕ್ಕೆಗಳ ತುಕ್ಕಿದ್ದರೆ ತೇವ ಹೊಕ್ಕದ್ದು. ಲೋಹ ನೀಲಿಯಾಗಿದ್ದರೆ ಎಣ್ಣೆ ಸಾಲದೆ ಕಾದದ್ದು. ಗುಂಡುಗಳ ಅಂತರದಲ್ಲಿಯೇ ಸಾಲಾಗಿ ತಗ್ಗುಗಳಿದ್ದರೆ ಹಿಂದೆ ಯಾರೋ ಸುತ್ತಿಗೆಯಿಂದ ಬಡಿದು ಕೂರಿಸಿದ್ದು. ಹೊರಮೈ ಕನ್ನಡಿಯಂತೆ ಹೊಳೆಯುತ್ತಿದ್ದರೆ ಬೇರಿಂಗು ಕುಳಿಯಲ್ಲಿ ಸಡಿಲವಾಗಿ ತಾನೇ ತಿರುಗಿದ್ದು, ಆಗ ಕೇಸನ್ನೇ ಸರಿಪಡಿಸಬೇಕು. ಈ ಗುರುತುಗಳಲ್ಲಿ ಯಾವುದಿದೆಯೆಂದು ತಿಳಿಯುವವರೆಗೆ ಹೊಸ ಬೇರಿಂಗನ್ನು ಕೂರಿಸಲು ಒಪ್ಪಿಗೆ ಕೊಡಬೇಡಿರಿ.